ಕಾಡತೂಸು ತುಂಬುವ ಯಂತ್ರ ರೈತನ ಮನೆಗೆ ಬೇಕೇ?

ಮಾದನಹಿಪ್ಪರಗಾ ಸುತ್ತಿನ ನಮ್ಮ ಹೊಲಗಳಲ್ಲಿ ಹಂದಿ ಕಾಟದ ಮಾತಿಲ್ಲದೆ ಈಗ ಚಹಾ ಕುಡಿಯುವುದೇ ಇಲ್ಲ. ಹಳ್ಳದ ದಂಡೆಯ ಬಳ್ಳಾರಿ ಜಾಲಿಯಲ್ಲಿ ಹಗಲೆಲ್ಲ ಮಲಗುತ್ತವೆ, ರಾತ್ರಿ ತೊಗರಿಯಲ್ಲಿ ನುಗ್ಗುತ್ತವೆ. ಕಬ್ಬು ಹೆಚ್ಚಾದ ಮೇಲೆ ಅವಕ್ಕೆ ಇನ್ನೊಂದು ಮನೆ ಸಿಕ್ಕಂತಾಗಿದೆ. ತಿನ್ನುವುದಕ್ಕಿಂತ ಉರುಳಿಸಿ ಮುರಿಯುವುದೇ ಹೆಚ್ಚು. ಹೀಗಿರುವಾಗ ಬಂದೂಕಿನ ಮಾತು ಬರುವುದು ಸಹಜ. ಆದರೆ ಈಚೆಗೆ ಆ ಮಾತು ಬಂದೂಕು ದಾಟಿ ಯಂತ್ರಕ್ಕೆ ಹೋಗಿದೆ.

ನಮ್ಮ ಅಣ್ಣನ ಮಗ ಕೇಳಿದ: "ಕಾಕಾ, ಖಾಲಿ ಕಾಡತೂಸ ನಾವ ತುಂಬಕೊಂಡ್ರ ಅರ್ಧಾ ಖರ್ಚಿನ್ಯಾಗ ಆಗ್ತದಲ್ರಿ? ದೊಡ್ಡ ರೈಫಲ್ಲಿಗೆ ಯಾವ ಮಷೀನ್ ಚಲೋ?" ಅವನ ಬೀಗರ ಮನೆಯಲ್ಲಿ ಅಜ್ಜನ ಕಾಲದ ರೈಫಲ್ ಒಂದಿದೆಯಂತೆ. ಮಲೆನಾಡಿನವರು ತೋಟೆ ಅನ್ನುವುದನ್ನೇ ನಾವು ಕಾಡತೂಸು ಅನ್ನುತ್ತೇವೆ.

ಮೊದಲು ಯಂತ್ರದ ಮಾತು. ಹೊಡೆದ ಕಾಡತೂಸಿನ ಹಿತ್ತಾಳೆ ಕೊಳವಿ ಸ್ವಲ್ಪ ಉಬ್ಬಿರುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರಬೇಕು, ಹಳೆ ಕೇಪು ತೆಗೆದು ಹೊಸದು ಕೂರಿಸಬೇಕು, ಮದ್ದು ತೂಗಿ ಹಾಕಬೇಕು, ಮೇಲೆ ಗುಂಡು ಒತ್ತಬೇಕು. ಈ ಒತ್ತುವ ಕೆಲಸಕ್ಕೆ ಕೈಹಿಡಿಯ ಯಂತ್ರ. ಒಂದು ಸಲಕ್ಕೆ ಒಂದೇ ಕೆಲಸ ಮಾಡುವುದು ಒಂದು ತರಹ, ತಿರುಗುವ ತಲೆಯಲ್ಲಿ ನಾಲ್ಕಾರು ಅಚ್ಚು ಇರುವುದು ಇನ್ನೊಂದು, ಹಿಡಿ ಎಳೆದಂತೆಲ್ಲ ಒಂದೊಂದು ಕಾಡತೂಸು ತಯಾರಾಗಿ ಬೀಳುವುದು ಮತ್ತೊಂದು. ದೊಡ್ಡ ಕೊಳವಿಗಳನ್ನು ಒತ್ತಲು ಬಲ ಬೇಕು. ಅದಕ್ಕೇ ಬಲ್ಲವರು ದೊಡ್ಡ ರೈಫಲ್ಲಿಗೆ ಮೊದಲನೆಯದನ್ನೇ, ಅದೂ ಸುತ್ತ ಮುಚ್ಚಿದ ದಪ್ಪ ಕಬ್ಬಿಣದ ಚೌಕಟ್ಟಿನದನ್ನು ಆರಿಸುತ್ತಾರೆ. ಅಮೆರಿಕದಲ್ಲಿ ಬೇಟೆಗಾರರ ಮನೆಗಳಲ್ಲಿ ಇದು ಸಾಮಾನ್ಯ. ಅವರ ಕಾನೂನು ಬೇರೆ, ಅವರ ಕಾಡು ಬೇರೆ. ನಮಗೆ ಮಾತ್ರ ಇವುಗಳಲ್ಲಿ ಯಾವುದೂ ಬೇಡ ಎಂಬುದು ನನ್ನ ಅಭಿಪ್ರಾಯ.

ಯಾಕೆ ಬೇಡ? 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಮನ್ನು ಓದಿಸಿಕೊಂಡು ಕೇಳಿ. ಅದರಲ್ಲಿ ಮದ್ದುಗುಂಡು ಎಂದರೆ ಬರೀ ಗುಂಡಲ್ಲ, ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ. ಅಂದರೆ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಆ ಕಬ್ಬಿಣವೇ ಕಾನೂನಿನ ಕಣ್ಣಿಗೆ ಬೀಳುವ ವಸ್ತು. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಜೈಲು. ಬಂದೂಕಿನ ಪರವಾನಗಿ ಕಿಸೆಯಲ್ಲಿದ್ದರೆ ತಯಾರಿಕೆಯ ಪರವಾನಗಿಯೂ ಇದ್ದಂತೆ ಅಂದುಕೊಳ್ಳಬೇಡಿ. ಎರಡು ಚೀಲ ತೊಗರಿ ಉಳಿಸಲು ಹೋಗಿ ಏಳು ವರ್ಷ ಒಳಗೆ ಕೂತರೆ ಹೊಲ ಮಾಡುವವರು ಯಾರು?

ಅದಿರಲಿ. ಬೆಳೆ ಕಾಯಲು ರೈಫಲ್ಲೇ ಯಾಕೆ? ಅದೇ ಕಾಯ್ದೆಯ 13ನೇ ಕಲಮು ನಿಜವಾದ ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಬಂದೂಕನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಳಿಗೆ ನುಣುಪಾಗಿರುವ ಬೇರೆ ಬಂದೂಕು, ಅಂದರೆ ನಮಗೆ ಗೊತ್ತಿರುವ 12 ಬೋರಿನಂಥದ್ದು. ರೈಫಲ್ಲಿನ ಹೆಸರು ಅಲ್ಲಿಲ್ಲ. ಕೇಪಿನ ಬಂದೂಕಿನಲ್ಲಿ ಮದ್ದು, ನಾರು, ಚರೆ ಎಲ್ಲವನ್ನೂ ನಳಿಗೆಯಲ್ಲೇ ಗಜದಿಂದ ಜಡಿಯುತ್ತೇವೆ. ಬಂದೂಕೇ ಯಂತ್ರ ಅನ್ನಿ, ಬೇರೆ ಒತ್ತುಗಡ್ಡಿ ಯಾಕೆ?

ನಮ್ಮದು ಬಯಲು ಸೀಮೆ. ಗುಡ್ಡವಿಲ್ಲ, ದಟ್ಟ ಮರವಿಲ್ಲ. ಕಣ್ಣು ಹರಿದಷ್ಟೂ ಕರಿ ಎರೆಹೊಲ. ದೊಡ್ಡ ರೈಫಲ್ಲಿನ ಗುಂಡು ತಪ್ಪಿದರೆ ನಾಲ್ಕೈದು ಕಿಲೋಮೀಟರ್ ಹೋಗಬಲ್ಲದು. ಅಷ್ಟರೊಳಗೆ ನಮ್ಮಲ್ಲಿ ಎರಡು ಊರು ಬರುತ್ತವೆ. ಸುಗ್ಗಿಯಲ್ಲಿ ಅಟ್ಟದ ಮೇಲೆ, ರಾಶಿಯ ಬಗಲಿಗೆ, ಎತ್ತಿನ ಪಕ್ಕ ಜನ ಮಲಗಿರುತ್ತಾರೆ. ಜೋಳ ಕಾಯುವ ಮುದುಕ ಕವಣೆ ಹಿಡಿದು ಕೂತಿರುತ್ತಾನೆ. ಕತ್ತಲಲ್ಲಿ ಹಂದಿಯ ಹಿಂದೆ ಯಾರಿದ್ದಾರೆ ಅಂತ ಯಾವ ಬ್ಯಾಟರಿ ತೋರಿಸುತ್ತದೆ? 12 ಬೋರಿನ ಚರೆ ಕೆಲವು ನೂರು ಮೀಟರಿನಲ್ಲಿ ಸುಸ್ತಾಗುತ್ತದೆ. ಅದೂ ಹುಡುಗಾಟವಲ್ಲ, ಆದರೆ ಅಂತರ ನೋಡಿ.

ಮನೆಯಲ್ಲಿ ತುಂಬಿದ್ದರ ಅಪಾಯವನ್ನು ಹೀಗೆ ಲೆಕ್ಕ ಹಾಕಿ. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ 15–20 ಪೌಂಡು ಗಾಳಿ ಹಾಕುತ್ತೇವೆ. 12 ಬೋರಿನ ಕಾಡತೂಸು ಸಿಡಿದಾಗ ಒಳಗಿನ ಒತ್ತಡ ಅದೇ ಅಳತೆಯಲ್ಲಿ ಸುಮಾರು 11 ಸಾವಿರ. ಮೂವತ್ತು-ಸೊನ್ನೆಆರು ಎನ್ನುವ ದೊಡ್ಡ ರೈಫಲ್ಲಿನಲ್ಲಿ ಸುಮಾರು 60 ಸಾವಿರ! ಮುಖದಿಂದ ಗೇಣು ದೂರದಲ್ಲಿ. ಮದ್ದಿನ ಜಾತಿ ತಪ್ಪಿದರೂ ಸಾಕು, ತೂಕ ತಪ್ಪಿದರೂ ಸಾಕು. ಯೂರಿಯಾವನ್ನು ಮುಷ್ಟಿಯಲ್ಲಿ ಅಳೆಯುವ ಕೈ ನಮ್ಮದು.

ಇನ್ನು ಹೊಡೆಯುವ ಹಕ್ಕಿನ ಮಾತು. ಬಂದೂಕು ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಬರುವುದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದಾಗ ಅಧಿಕಾರಿ ಕಾರಣ ಬರೆದು ಆದೇಶ ಕೊಡಬಹುದು. ಆ ಕಾಗದ ಬೇಕೇ ಬೇಕು. ಚಿಗರಿಯಂತೂ 1ನೇ ಅನುಸೂಚಿ. ಬೆಳೆ ತಿಂದಿತೆಂಬ ಕಾರಣ ಅದಕ್ಕೆ ಸಾಲದು.

ನಮ್ಮ ಸಿಟ್ಟು ಇಲ್ಲಿರಬೇಕು. ಕಾಗದ ಬರುವಷ್ಟರಲ್ಲಿ ಬೆಳೆ ಹೋಗಿರುತ್ತದೆ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಕಾಸರಗೋಡಿನ ಕನ್ನಡದ ಅಡಿಕೆ ಬೆಳೆಗಾರರೂ ಆ ಆದೇಶದೊಳಗೆ ಬರುತ್ತಾರೆ. ಅಲ್ಲಿ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅರ್ಜಿ ಹಿಡಿದು ಎಷ್ಟು ದೂರ ನಡೆಯಬೇಕು ಎಂಬುದು ಸಣ್ಣ ಮಾತಲ್ಲ. ಇಂಥದ್ದನ್ನು ನಮ್ಮ ಸರಕಾರಕ್ಕೆ ಕೇಳಬೇಕು. ಜತೆಗೆ, ಬೇಲಿಗೆ ಕಂಬದ ಕರೆಂಟು ಕೊಡುವ ಹುಚ್ಚು ನಿಲ್ಲಬೇಕು. ಅದು ಹಂದಿಗಿಂತ ಮೊದಲು ನೀರು ಬಿಡಲು ಹೋದ ಮನುಷ್ಯನನ್ನು ತೆಗೆದುಕೊಳ್ಳುತ್ತದೆ. ತಡೆದು ತಡೆದು ಪೆಟ್ಟು ಕೊಡುವ ಸೋಲಾರ್ ಬೇಲಿ ಬೇರೆ. ನಾಲ್ಕೈದು ಹೊಲದವರು ಕೂಡಿ ಹಾಕಿದರೆ ತಲೆಗೆ ಬೀಳುವ ಖರ್ಚು ಕಡಿಮೆ. ಯಂತ್ರಕ್ಕೆ ಇಡುವ ದುಡ್ಡನ್ನು ಅಣ್ಣನ ಮಗ ಇದಕ್ಕಿಡಲಿ ಅಂತ ನಾನು ಹೇಳಿದ್ದೇನೆ. ಅವನು ಇನ್ನೂ ಹೂಂ ಅಂದಿಲ್ಲ.

ಇನ್ನೊಂದು ತೊಡಕಿದೆ. ಚುನಾವಣೆ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. 2020ರ ಗ್ರಾಮ ಪಂಚಾಯಿತಿ ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ರಂದು, ತೊಗರಿ ಕಾಯಿ ಬಲಿತು ನಿಂತ ಹೊತ್ತಿನಲ್ಲಿ. ವಿನಾಯಿತಿ ಕೇಳಲು ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ಬೆಳೆ ರಕ್ಷಣೆಯ ಪರವಾನಗಿ ಇರುವವರು ದಿನಾಂಕ ಘೋಷಣೆಯಾದ ಕೂಡಲೇ, ಪಹಣಿ ಹಚ್ಚಿ, ಅಲ್ಲಿಗೆ ಅರ್ಜಿ ಕೊಡಬೇಕು. ಒಬ್ಬೊಬ್ಬರೇ ಹೋಗುವ ಬದಲು ಊರಿನ ಎಲ್ಲರ ಅರ್ಜಿಯನ್ನು ಒಂದೇ ದಿನ ಒಯ್ದರೆ ಒಳ್ಳೆಯದು.