ಹುಂಡುಕೋಳಿಯ ಮನೆ 'ಹಾಳು ಜಾಗ' ಅಲ್ಲ



ಕಾರವಾರ, ಅಂಕೋಲಾ ಕಡೆ 'ಸೀಬರ್ಡ್' ಎಂಬ ಹೆಸರು ಕೇಳದವರು ಯಾರೂ ಇಲ್ಲ. ಆದರೆ ಅದು ಹಕ್ಕಿ ಅಲ್ಲ, ನೌಕಾನೆಲೆ. ನಿಜವಾದ ನೀರಹಕ್ಕಿ ಒಂದು ನಮ್ಮ ಶಾಲೆಯ ಹಿಂದಿನ ಹಳ್ಳದ ದಂಡೆಯಲ್ಲೇ ಸಂಸಾರ ಮಾಡಿಕೊಂಡಿದೆ. ಅದರ ಹೆಸರು ಕೇಳಿದ್ರೆ ಮಾತ್ರ ನಮ್ಮಲ್ಲಿ ಅರ್ಧ ಜನ ತಲೆ ಕೆರೆದುಕೊಳ್ತಾರೆ! ಅದೇ ಹುಂಡುಕೋಳಿ.

ಈ ಮಳೆಗಾಲದ ಶ್ರಮದಾನದಲ್ಲಿ ಆ ದಂಡೆಯನ್ನು ಸ್ವಚ್ಛ ಮಾಡಬೇಕು ಎಂದು ಮಾತು ನಡೆದಿದೆ. ಕೇದಿಗೆ ಹಿಂಡು, ಎತ್ತರದ ಹುಲ್ಲು ಎಲ್ಲ ಕಡಿಯೋದು, ಉಳಿದದ್ದಕ್ಕೆ ಹುಲ್ಲು ಸಾಯುವ ಔಷಧಿ ಹೊಡೆಯೋದು ಅಂತ. ನನ್ನ ಅಭಿಪ್ರಾಯ ಬೇರೆ. ಪ್ಲಾಸ್ಟಿಕ್ ಹೆಕ್ಕೋಣ, ಹಿಂಡು ಕಡಿಯೋದು ಈಗ ಬೇಡ.

ಹುಂಡುಕೋಳಿ ಸಾಕುಕೋಳಿಗಿಂತ ಸಣ್ಣದು, ಸುಮಾರು 32 ಸೆಂಟಿಮೀಟರ್ ಉದ್ದ. ಬೆನ್ನು ಕಪ್ಪು ಬೂದಿ ಬಣ್ಣ, ಮುಖ ಮತ್ತು ಎದೆ ಅಚ್ಚ ಬಿಳಿ, ಬಾಲದ ಅಡಿ ಇಟ್ಟಿಗೆಯಂಥ ಕೆಂಪು. ನಡೆಯುವಾಗ ಬಾಲ ಕುಣಿಸ್ತಾ ಹೋಗ್ತದೆ. ಮನುಷ್ಯರ ಸಪ್ಪಳ ಕೇಳಿದ ಕೂಡಲೇ ಹಾರುವುದಿಲ್ಲ, ಓಡಿ ಹಿಂಡಿನೊಳಗೆ ಮಾಯವಾಗ್ತದೆ. ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಮಳೆಗಾಲದಲ್ಲಿ ರಾತ್ರಿ ಸಹ "ಕ್ವಾಕ್, ಕ್ವಾಕ್" ಎಂದು ಒಂದೇ ಸಮನೆ ಕೂಗುವುದು ಅದೇ. ಕಪ್ಪೆ ಎಂದು ತಿಳಿದವರೂ ಇದ್ದಾರೆ.

ಹುಳ, ಎರೆಹುಳ, ಬಸವನಹುಳ, ಸಣ್ಣ ಮೀನು, ಹುಲ್ಲಿನ ಬೀಜ, ಎಳೆ ಚಿಗುರು ಇದರ ಆಹಾರ. ಇದೆಲ್ಲ ಸಿಗುವುದು ನೀರು ಮತ್ತು ಹುಲ್ಲು ಕೂಡುವ ಅಂಚಿನಲ್ಲಿ. ಹಳ್ಳ, ಕೆರೆ, ಗದ್ದೆಯ ಬದಿ, ಕಾಳಿ ಮತ್ತು ಗಂಗಾವಳಿ ನದಿಯ ದಂಡೆಯ ಕಾಂಡ್ಲಾ ಗಿಡಗಳ ಸೆರಗು, ಗಜನಿ ಭೂಮಿಯ ಕಟ್ಟೆ, ಇವೇ ಅದಕ್ಕೆ ಬೇಕಾದ ಜಾಗ. ನಾವು 'ಹಾಳು ಜಾಗ' ಅಂತ ಹೇಳುವ ಜಾಗವೇ ಅದರ ಅಡುಗೆಮನೆ, ಮಲಗುವ ಮನೆ, ಹೆರಿಗೆ ಮನೆ.

ಹೆರಿಗೆ ಮನೆ ಎಂದು ಸುಮ್ಮನೆ ಹೇಳಲಿಲ್ಲ. ಇದು ಮುಖ್ಯವಾಗಿ ಮಳೆಗಾಲದಲ್ಲೇ ಗೂಡು ಕಟ್ಟುತ್ತದೆ. ನೀರಿನ ಹತ್ತಿರದ ದಟ್ಟ ಗಿಡಗಳ ನಡುವೆ ಕಡ್ಡಿ, ಎಲೆ, ಹುಲ್ಲು ಸೇರಿಸಿ ಒಂದು ತಟ್ಟೆಯಂತೆ ಮಾಡಿ, ಸಾಮಾನ್ಯವಾಗಿ 6-7 ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಕಾವಿಗೆ ಕೂರುತ್ತವೆ. ಮರಿಗಳು ಕರಿ ಹತ್ತಿಯ ಉಂಡೆಯ ಹಾಗೆ ಇರ್ತವೆ, ಹುಟ್ಟಿದ ಸ್ವಲ್ಪ ಹೊತ್ತಿಗೇ ತಾಯಿಯ ಹಿಂದೆ ಓಡ್ತವೆ. ಇಂಥ ಸಮಯದಲ್ಲಿ ಕತ್ತಿ ಹಿಡಿದು ಹೋದ್ರೆ ಕಡಿಯುವುದು ಬರೀ ಹುಲ್ಲನ್ನಲ್ಲ. ಔಷಧಿ ಹೊಡೆದರೂ ಅಷ್ಟೇ, ಮಳೆ ಬಂದು ಅದು ಹಳ್ಳದ ನೀರಿಗೇ ಸೇರ್ತದೆ.

"ಹಾವು ಇರ್ತದಲ್ಲ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ನಾವು ಓಡಾಡುವ ದಾರಿಯ ಎರಡೂ ಬದಿ ಹುಲ್ಲು ಸವರಿ ಇಡೋಣ. ದಂಡೆ ಪೂರ್ತಿ ಬೋಳು ಮಾಡುವ ಅಗತ್ಯ ಇಲ್ಲ. "ಸೊಳ್ಳೆ?" ಎನ್ನುವವರಿಗೆ ನನ್ನ ಉತ್ತರ: ಡೆಂಗ್ಯೂ ತರುವ ಸೊಳ್ಳೆ ಹೆಚ್ಚಾಗಿ ಮೊಟ್ಟೆ ಇಡುವುದು ತೆಂಗಿನ ಚಿಪ್ಪು, ಹಳೇ ಟೈರು, ಪ್ಲಾಸ್ಟಿಕ್ ಲೋಟಗಳಲ್ಲಿ ನಿಂತ ನೀರಿನಲ್ಲಿ. ಅದನ್ನು ಹೆಕ್ಕುವುದೇ ನಿಜವಾದ ಶ್ರಮದಾನ.

ಹುಂಡುಕೋಳಿ ಜಗತ್ತಿನಿಂದ ಅಳಿದು ಹೋಗುವ ಹಕ್ಕಿಗಳ ಪಟ್ಟಿಯಲ್ಲಿ ಇಲ್ಲ. ಹಾಗಾದ್ರೆ ಚಿಂತೆ ಎಂತಕ್ಕೆ? ಬೇರೆ ದೇಶದಲ್ಲಿ ಸಾವಿರ ಇದ್ದರೂ ನಮ್ಮ ಹಳ್ಳದಲ್ಲಿ ಇಲ್ಲದೇ ಹೋದ್ರೆ ನಮ್ಮ ಪಾಲಿಗೆ ಅದು ಅಳಿದಂತೆಯೇ. ಪಕ್ಕದ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ 2024 ರಲ್ಲಿ ರಾಮ್ಸಾರ್ ತಾಣ ಎಂಬ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರ್ ಜಾಗ ಅದು. ಹೆಮ್ಮೆಯ ವಿಷಯ. ಆದರೆ ನಮ್ಮ ಹಳ್ಳಕ್ಕೆ ಯಾವ ಬೋರ್ಡೂ ಬರುವುದಿಲ್ಲ, ಯಾವ ಗಾರ್ಡೂ ಬರುವುದಿಲ್ಲ. ಅದರ ಕಾವಲುಗಾರರು ನಾವೇ.

ಇನ್ನೊಂದು ಮಾತು. ಉರುಳು ಹಾಕಿ ಇದನ್ನು ಹಿಡಿಯುವುದು, ಕೊಲ್ಲುವುದು 1972 ರ ವನ್ಯಜೀವಿ ರಕ್ಷಣಾ ಕಾಯ್ದೆಯಂತೆ ಅಪರಾಧ. ಮೊಟ್ಟೆ ತರುವುದೂ ತಪ್ಪು. "ಒಂದು ಹಕ್ಕಿ ತಾನೇ" ಎನ್ನುವ ಗೆಳೆಯರಿಗೆ ಇದು ಗೊತ್ತಿರಲಿ.

ಆದ್ದರಿಂದ ಮಾಸ್ತರು ಮತ್ತು ಅಕ್ಕೋರಲ್ಲಿ ನನ್ನ ವಿನಂತಿ: ಶ್ರಮದಾನ ನಡೆಯಲಿ, ಕಸ ಹೆಕ್ಕೋಣ. ಹಿಂಡನ್ನು ದೀಪಾವಳಿ ಕಳೆಯುವ ತನಕ ಮುಟ್ಟುವುದು ಬೇಡ. ಆಮೇಲೂ ಕಡಿಯಲೇಬೇಕಾದ್ರೆ ಒಂದು ಬದಿ ಕಡಿದು ಇನ್ನೊಂದು ಬದಿ ಬಿಡೋಣ. ಔಷಧಿ ಮಾತ್ರ ಯಾವತ್ತೂ ಬೇಡ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಓದಲು ನಾನು ತಯಾರು.

– 9 ನೇ ಇಯತ್ತೆಯ ವಿದ್ಯಾರ್ಥಿನಿ