ಕಪ್ಪಾದ ಪ್ರನಾಳ ಹೇಳಿದ್ದೇನು?

ಕಳೆದ ವಾರ ಒಂಬತ್ತನೇ ತರಗತಿ ಹುಡುಗಿಯೊಬ್ಬಳ ತಂದೆ ಮಗಳ ಮೂತ್ರ ಪರೀಕ್ಷೆಯ ವರದಿ ಹಿಡಿದು ಮನೆಗೆ ಬಂದರು. ಅದರಲ್ಲಿ ‘ಪ್ರೋಟಿಯಸ್ ಮಿರಾಬಿಲಿಸ್’ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೈಡ್ರೋಜನ್ ಸಲ್ಫೈಡ್ ಪಾಸಿಟಿವ್’. “ಮೇಷ್ಟ್ರೇ, ಇದು ಕೊಳೆತ ಮೊಟ್ಟೆ ವಾಸನೆಯ ವಿಷಾನಿಲವಲ್ಲವೇ? ಮಗು ಹೊಟ್ಟೆಯಲ್ಲಿ ಅದು ಹುಟ್ಟುತ್ತಿದೆಯೇ?” ಎಂದರು. ಮುಖ ಬಿಳಿಚಿತ್ತು.

ಅನಿಲವೇನೋ ಅದೇ. ನಾವು ಬಿ.ಎಸ್ಸಿ. ಓದುವಾಗ ಕಿಪ್ ಉಪಕರಣದಲ್ಲಿ ಕಬ್ಬಿಣದ ಸಲ್ಫೈಡಿನ ಮೇಲೆ ಆಮ್ಲ ಹಾಯಿಸಿ ಇದನ್ನು ತಯಾರಿಸಿ, ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಬ್ಯಾಕ್ಟೀರಿಯಾಕ್ಕೆ ಕಿಪ್ ಬೇಡ. ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನೋ ಥಯೋಸಲ್ಫೇಟನ್ನೋ ಒಡೆದರೆ ಸಾಕು. ಪ್ರಯೋಗಾಲಯದವರು ಅಗರ್ ತುಂಬಿದ ಪ್ರನಾಳಕ್ಕೆ ಥಯೋಸಲ್ಫೇಟ್ ಮತ್ತು ಕಬ್ಬಿಣದ ಲವಣ ಬೆರೆಸಿ, ಮೂತ್ರದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾವನ್ನು ಚುಚ್ಚಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಅನಿಲ ಹೊರಟರೆ ಕಬ್ಬಿಣ ಅದನ್ನು ಹಿಡಿದು ಕಪ್ಪು ಸಲ್ಫೈಡ್ ಆಗುತ್ತದೆ. ಕೆಂಪಗಿದ್ದ ಪ್ರನಾಳ ಬೆಳಗಾಗುವಷ್ಟರಲ್ಲಿ ಮಸಿ ಹಿಡಿದಂತೆ ಕಾಣುತ್ತದೆ. ಅದು ಪ್ರನಾಳದ ಕಪ್ಪು, ಮಗುವಿನ ಹೊಟ್ಟೆಯದಲ್ಲ ಎಂದೆ. ಅವರು ಕುರ್ಚಿಗೆ ಒರಗಿ ಕುಳಿತರು.

ಹಾಗಾದರೆ ಈ ಪರೀಕ್ಷೆ ಯಾಕೆ? ಗುರುತು ಹಿಡಿಯಲು. ಮೂತ್ರದ ಸೋಂಕಿಗೆ ಅತಿ ಹೆಚ್ಚು ಸಲ ಕಾರಣವಾಗುವ ಇ. ಕೋಲಿ ಸಾಮಾನ್ಯವಾಗಿ ಈ ಪ್ರನಾಳವನ್ನು ಕಪ್ಪಾಗಿಸುವುದಿಲ್ಲ, ಪ್ರೋಟಿಯಸ್ ಕಪ್ಪಾಗಿಸುತ್ತದೆ. ಟೈಫಾಯಿಡಿನ ಬಂಧುವಾದ ಸಾಲ್ಮೊನೆಲ್ಲಾಗಳೂ ಕಪ್ಪಾಗಿಸುವುದರಿಂದ, ಯೂರಿಯಾ ಒಡೆಯುತ್ತದೆಯೇ ಎಂದು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಪ್ರೋಟಿಯಸ್ ಒಡೆಯುತ್ತದೆ, ಸಾಲ್ಮೊನೆಲ್ಲಾ ಒಡೆಯುವುದಿಲ್ಲ. ನಿಜವಾಗಿ ಹೆದರಬೇಕಾದ್ದು ಇದಕ್ಕೇ. ಯೂರಿಯಾ ಒಡೆದರೆ ಅಮೋನಿಯಾ. ಅಮೋನಿಯಾದಿಂದ ಮೂತ್ರ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಕೂಡಿ ಹರಳುಗಟ್ಟುತ್ತವೆ. ಮೂತ್ರಪಿಂಡದ ಕಲ್ಲುಗಳಲ್ಲಿ ಒಂದು ಬಗೆ ಹುಟ್ಟುವುದು ಹೀಗೆ.

ಈ ಅನಿಲ ಬ್ಯಾಕ್ಟೀರಿಯಾದ ಕಸ ಎಂದೇ ಬಹಳ ಕಾಲ ತಿಳಿದಿದ್ದೆವು. ನಾನೂ ತರಗತಿಯಲ್ಲಿ ಹಾಗೇ ಹೇಳಿದ್ದುಂಟು. 2011ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎವ್ಗೆನಿ ನುಡ್ಲರ್ ತಂಡ ಬೇರೆಯದನ್ನೇ ತೋರಿಸಿತು. ಪ್ರನಾಳವನ್ನು ಕಪ್ಪಾಗಿಸದ ಇ. ಕೋಲಿ ಕೂಡ ಈ ಅನಿಲವನ್ನು ಅಷ್ಟಿಷ್ಟು ತಯಾರಿಸುತ್ತದೆ, ಆಂಟಿಬಯಾಟಿಕ್ಕುಗಳ ಹೊಡೆತಕ್ಕೆ ಅದನ್ನು ಗುರಾಣಿಯಾಗಿ ಹಿಡಿಯುತ್ತದೆ! ಅನಿಲ ತಯಾರಿಸುವ ಕಿಣ್ವಗಳನ್ನು ತೆಗೆದುಹಾಕಿದಾಗ ಬ್ಯಾಕ್ಟೀರಿಯಾ ಔಷಧಕ್ಕೆ ಬೇಗ ಬಲಿಯಾದವು.

ಹುಡುಗಿ ಬಾಗಿಲ ಬಳಿಯೇ ನಿಂತಿದ್ದಳು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯಮ್ಮ ಎಂದೆ. ಶಾಲೆಗೆ ಒಯ್ದ ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತದಂತೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಶೌಚಾಲಯದ ಕಡೆ ಹೋಗುವುದಿಲ್ಲ. ಯಾಕೆ ಎಂದರೆ ಬಹಳ ಹೊತ್ತು ತಲೆ ತಗ್ಗಿಸಿದ್ದು, “ಬಾಗಿಲಿಗೆ ಚಿಲಕ ಇಲ್ಲ ಸಾರ್” ಎಂದಳು. ಹೆಣ್ಣುಮಕ್ಕಳ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ. ಬ್ಯಾಕ್ಟೀರಿಯಾಕ್ಕೆ ದಾರಿ ಹತ್ತಿರ. ಮೂತ್ರ ಆಗಾಗ ಹರಿದು ಅವನ್ನು ತೊಳೆಯಬೇಕು. ಒಂಬತ್ತು ಗಂಟೆ ಕಟ್ಟಿಕೊಂಡರೆ ಅವುಗಳಿಗೆ ಹಬ್ಬ. ಸೋಂಕಿಗೆ ಇದೊಂದೇ ಕಾರಣವೆನ್ನಲಾರೆ, ಆದರೆ ಇದು ವರದಿಯಲ್ಲಿ ಇರಲಿಲ್ಲ, ತಂದೆಗೂ ತಿಳಿದಿರಲಿಲ್ಲ.

ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ನುಂಗಿಸಿ, ಮತ್ತೆ ಪರೀಕ್ಷೆ ಬರೆದುಕೊಟ್ಟರೆ ಮೂತ್ರದ ನಡುಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು ಎರಡು ಗಂಟೆಯೊಳಗೆ ತಲುಪಿಸಿ ಎಂದೆ. ತಂದೆ ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗ ತಿರುಗಿ, “ಚಿಲಕಕ್ಕೆ ಎಷ್ಟಿಂಚಿನ ಸ್ಕ್ರೂ ಬೇಕಾದೀತು?” ಎಂದು ಕೇಳಿದರು.