ಮೇಷ್ಟ್ರು ನೆಲಕ್ಕೆ ಕೂತಾಗ

ನಲಿ-ಕಲಿ ತರಗತಿಗೆ ಕಾಲಿಟ್ಟವರಿಗೆ ಟೀಚರ್ ಎಲ್ಲಿದ್ದಾರೆಂದು ತಟ್ಟನೆ ಗೊತ್ತಾಗುವುದಿಲ್ಲ. ಕುರ್ಚಿ ಖಾಲಿ. ಚಾಪೆಯ ಮೇಲೆ ಐದಾರು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತವರೇ ಅವರು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಷ್ಟೇ ಎತ್ತರಕ್ಕೆ ಕಪ್ಪುಹಲಗೆ. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಮಕ್ಕಳೇ ಬಿಡಿಸಿದ ಚಿತ್ರ, ಕಾಗದದ ಹೂವು. ಮೂರನೇ ತರಗತಿಯ ಹುಡುಗಿ ಒಂದನೆಯ ಪುಟ್ಟನಿಗೆ ಕಾರ್ಡು ಹಿಡಿದು ಅಕ್ಷರ ಹೇಳಿಕೊಡುತ್ತಿರುತ್ತಾಳೆ.

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುವ ಈ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕಾರ್ಡುಗಳನ್ನು ಬರೆದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಇದರ ಜೀವ ಇರುವುದು ಕಲಿಕಾ ಏಣಿಯಲ್ಲಿ, ಅಂದರೆ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಹತ್ತುವ ಪಾಠದ ಮೆಟ್ಟಿಲುಗಳಲ್ಲಿ. ಅಪ್ಪ-ಅಮ್ಮನ ಜೊತೆ ಗುಳೆ ಹೋದ ಮಗು ತಿಂಗಳು ಬಿಟ್ಟು ಬಂದರೂ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಪಾಠ ತಪ್ಪಿತೆಂದು ಬೈಸಿಕೊಳ್ಳುವ ಪ್ರಮೇಯವೇ ಇಲ್ಲ. ಬೈಯುವ ಕಾರಣವೇ ಹೋದಾಗ ಮಗು ತಾನಾಗಿ ಟೀಚರ ಮಗ್ಗುಲಿಗೆ ಸರಿಯುತ್ತದೆ. ಸಲುಗೆಯನ್ನು ಒಳ್ಳೆಯ ಮನಸ್ಸಿನ ಶಿಕ್ಷಕರ ಪಾಲಿಗೆ ಬಿಟ್ಟು ಸುಮ್ಮನಿರಬೇಕಿಲ್ಲ. ಕೂರುವ ಕ್ರಮ, ಕಲಿಸುವ ಕ್ರಮಗಳಿಂದಲೂ ಅದು ಬೆಳೆಯುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಿಷೇಧ ಬೇಕೇ ಬೇಕು. ಆದರೆ ಬೆತ್ತ ಕೆಳಗಿಟ್ಟ ಮಾತ್ರಕ್ಕೆ ಶಿಕ್ಷಕರು ಮಕ್ಕಳಿಗೆ ಹತ್ತಿರದವರಾಗುವುದಿಲ್ಲ.

ಹತ್ತಿರವಾಗಲು ಮಗುವಿನ ಮನೆ ಗೊತ್ತಿರಬೇಕು. 2020ರ ಆಗಸ್ಟ್‌ನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಮಕ್ಕಳಿದ್ದ ಕೇರಿಗಳಿಗೇ ಹೋದರು. ದೇವಸ್ಥಾನದ ಜಗಲಿ, ಮರದ ನೆರಳು ತರಗತಿಯಾದವು. ಹೋಂವರ್ಕ್ ಮಾಡದ ಹುಡುಗನ ಮನೆಯಲ್ಲಿ ಕೂತು ಬರೆಯಲು ಜಾಗವಿದೆಯೇ, ದೀಪವಿದೆಯೇ ಎಂದು ಕಣ್ಣಾರೆ ನೋಡುವ ಅವಕಾಶ ಅದು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದ್ದು ಆಗಿನ ಅನಿವಾರ್ಯ; ಶಾಲೆ ತೆರೆದ ಮೇಲೆ ಮನೆಭೇಟಿ ದಿನಚರಿಯ ಭಾಗವಾಗದೆ ಹೋದದ್ದು ನಷ್ಟ.

ನಲಿ-ಕಲಿಯೂ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗುವಿಗೆ ಎದುರಿಗಿರುವುದು ಸಾಲು ಬೆಂಚು, ಮುಗಿಸಲೇಬೇಕಾದ ಸಿಲೆಬಸ್. ಶಿಕ್ಷಕರಿಗಾದರೂ ಬಿಡುವೆಲ್ಲಿ? ಹಾಲು, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಅತಿಥಿ ಶಿಕ್ಷಕರ ನೇಮಕವಂತೂ ಒಂದೇ ವರ್ಷದ್ದು. ಮಕ್ಕಳ ಹೆಸರು, ಮನೆ, ಮನಸ್ಸು ತಿಳಿಯುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ಪೋಷಕರು ಕಾಂಪೌಂಡು, ಸುಣ್ಣಬಣ್ಣದ ಜೊತೆಗೆ ಈ ಎರಡನ್ನೂ ಕೇಳಬೇಕು: ನಮ್ಮ ಶಾಲೆಯ ಖಾಲಿ ಹುದ್ದೆಗೆ ಕಾಯಂ ಶಿಕ್ಷಕರು ಯಾವಾಗ ಬರುತ್ತಾರೆ? ಬಂದವರಿಗೆ ನಮ್ಮ ಮಕ್ಕಳ ಜೊತೆ ಕೂತು ಮಾತಾಡಲು ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ?